ಕಟ್ಟಡದ ಹಣ, ತರಗತಿಯ ಹಣ: ಕಮ್ಯುನಿಟಿ ಕಾಲೇಜಿನ ಬಜೆಟ್ ಸಮಿತಿಯಲ್ಲಿ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ನಾನು ಲೆಕ್ಕಶಾಸ್ತ್ರ ಕಲಿಸುತ್ತೇನೆ. ಅಲ್ಲಿನ ಯೋಜನೆ ಮತ್ತು ಬಜೆಟ್ ಸಮಿತಿಯಲ್ಲಿ ಕೆಲವು ವರ್ಷ ಅಧ್ಯಾಪಕರ ಪರವಾಗಿ ಸಹ ಅಧ್ಯಕ್ಷ ಸ್ಥಾನದಲ್ಲಿದ್ದೆ. 1988ರ ಎಬಿ 1725 ಎಂಬ ರಾಜ್ಯ ಕಾಯ್ದೆಯಿಂದಾಗಿ ಇಲ್ಲಿನ ಕಮ್ಯುನಿಟಿ ಕಾಲೇಜುಗಳ ಆಡಳಿತದಲ್ಲಿ ಅಧ್ಯಾಪಕರಿಗೂ, ಕಚೇರಿ ಸಿಬ್ಬಂದಿಗೂ, ವಿದ್ಯಾರ್ಥಿಗಳಿಗೂ ಅಭಿಪ್ರಾಯ ಹೇಳುವ ಹಕ್ಕಿದೆ. ಕೊನೆಯ ತೀರ್ಮಾನ ಮಾತ್ರ ಸ್ಥಳೀಯ ಮತದಾರರು ಆರಿಸಿದ ಆಡಳಿತ ಮಂಡಳಿಯದು. ಆ ಅವಧಿಯಲ್ಲಿ ನಾನು ಅತಿ ಹೆಚ್ಚು ಬಾರಿ ಎದುರಿಸಿದ ಪ್ರಶ್ನೆ ಒಂದೇ. ಕನ್ನಡ ಕೂಟದಲ್ಲಿ ಸಿಕ್ಕುವ ತಂದೆತಾಯಿಯರೂ, ನನ್ನದೇ ವಿಭಾಗದ ಸಹೋದ್ಯೋಗಿಗಳೂ ಅದನ್ನೇ ಕೇಳುತ್ತಿದ್ದರು. "ಏನ್ ಸಾರ್, ಕ್ಯಾಂಪಸ್ಸಿನ ತುಂಬ ಕ್ರೇನ್ ನಿಲ್ಲಿಸಿದ್ದೀರಿ, ಮಕ್ಕಳಿಗೆ ಬೇಕಾದ ಕ್ಲಾಸ್ ಮಾತ್ರ ರದ್ದಾಗಿದೆ ಅಂತೀರಿ, ಇದೆಂಥ ಲೆಕ್ಕ?" ಆ ಲೆಕ್ಕವನ್ನು ನಾವು ಹೇಗೆ ನಿಭಾಯಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತರಗತಿ ನಡೆಸುವ ಹಣದ ವಿಚಾರ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು ವ್ಯವಸ್ಥೆಯಲ್ಲಿ 116 ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಇಲ್ಲಿನ ಶುಲ್ಕ ಪ್ರತಿ ಯೂನಿಟ್ಟಿಗೆ, ಅಂದರೆ ಸೆಮಿಸ್ಟರಿನಲ್ಲಿ ವಾರಕ್ಕೆ ಸುಮಾರು ಒಂದು ಗಂಟೆಯ ಪಾಠಕ್ಕೆ, 46 ಡಾಲರ್. 2012ರ ಬೇಸಿಗೆಯಿಂದ ಅದು ಬದಲಾಗಿಲ್ಲ, ಬಡ ವಿದ್ಯಾರ್ಥಿಗಳಿಗೆ ಅದೂ ಮನ್ನಾ. ಹೀಗಾಗಿ ಕಾಲೇಜು ನಡೆಯುವುದು ಮುಖ್ಯವಾಗಿ ಸ್ಥಳೀಯ ಆಸ್ತಿ ತೆರಿಗೆ ಮತ್ತು ರಾಜ್ಯದ ಬೊಕ್ಕಸದಿಂದ. ಆಸ್ತಿ ತೆರಿಗೆಗೆ 1978ರ ಪ್ರೊಪೊಸಿಷನ್ 13 ಮೂಗುದಾರ ಹಾಕಿತು (ಮತದಾರರು ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವಕ್ಕೆ ಇಲ್ಲಿ ಪ್ರೊಪೊಸಿಷನ್ ಎನ್ನುತ್ತಾರೆ). ಹತ್ತು ವರ್ಷಗಳ ನಂತರ ಬಂದ ಪ್ರೊಪೊಸಿಷನ್ 98, ಶಾಲೆಗಳಿಗೂ ಕಮ್ಯುನಿಟಿ ಕಾಲೇಜುಗಳಿಗೂ ಸೇರಿ ಇಷ್ಟು ಹಣ ಕೊಡಲೇಬೇಕು ಎಂಬ ಕನಿಷ್ಠ ಮಿತಿಯನ್ನು ರಾಜ್ಯದ ಸಂವಿಧಾನದಲ್ಲಿ ಸೇರಿಸಿತು. ಆ ಮೊತ್ತದಲ್ಲಿ ಕಾಲೇಜುಗಳ ಪಾಲು ಸುಮಾರು ಶೇ 11. ರಾಜ್ಯದ ವರಮಾನ ಷೇರುಪೇಟೆಯೊಂದಿಗೆ ಏರಿಳಿಯುವುದರಿಂದ ನಮ್ಮ ಪಾಲೂ ಏರಿಳಿಯುತ್ತದೆ. ಜನವರಿಯಲ್ಲಿ ಗವರ್ನರ್ ಮಂಡಿಸುವ ಪ್ರಸ್ತಾವ ಒಂದು, ಮೇ ತಿಂಗಳಲ್ಲಿ ಅವರೇ ಮಾಡುವ ಪರಿಷ್ಕರಣೆ ಇನ್ನೊಂದು. ಇವೆರಡರ ನಡುವಿನ ತಿಂಗಳುಗಳಲ್ಲಿ ನಾವು ಮುಂದಿನ ವರ್ಷದ ವೇಳಾಪಟ್ಟಿಯನ್ನು ಅಂದಾಜಿನ ಮೇಲೆಯೇ ಸಿದ್ಧಪಡಿಸಬೇಕು.

2018-19ರಲ್ಲಿ ಜಾರಿಗೆ ಬಂದ ಹೊಸ ಸೂತ್ರದ ಪ್ರಕಾರ, ರಾಜ್ಯ ಮಟ್ಟದಲ್ಲಿ ನೋಡಿದರೆ ಅನುದಾನದ ಸುಮಾರು ಶೇ 70 ದಾಖಲಾತಿಯ ಮೇಲೆ, ಶೇ 20 ಆರ್ಥಿಕ ನೆರವು ಪಡೆಯುವ ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ, ಶೇ 10 ಪದವಿ, ಪ್ರಮಾಣಪತ್ರ, ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಮುಂತಾದ ಫಲಿತಾಂಶಗಳ ಮೇಲೆ ಹಂಚಿಕೆಯಾಗುತ್ತದೆ. ದಾಖಲಾತಿಯನ್ನು ತಲೆ ಎಣಿಸಿ ಲೆಕ್ಕ ಹಾಕುವುದಿಲ್ಲ. 525 ಬೋಧನಾ ಗಂಟೆಗೆ ಒಬ್ಬ ಪೂರ್ಣಾವಧಿ ವಿದ್ಯಾರ್ಥಿ ಎಂಬುದು ಇಲ್ಲಿನ ಅಳತೆ. ವಾರಕ್ಕೆ ಮೂರು ಗಂಟೆಯ ತರಗತಿಯೊಂದು ಹದಿನೇಳೂವರೆ ವಾರ ನಡೆದರೆ 52.5 ಗಂಟೆಯಾಗುತ್ತದೆ, ಅದರಲ್ಲಿ 35 ಮಂದಿ ಇದ್ದರೆ ಮೂರೂವರೆ ಪೂರ್ಣಾವಧಿ ವಿದ್ಯಾರ್ಥಿಗಳಿದ್ದಂತೆ. ಈಗಿನ ದರ ಒಬ್ಬರಿಗೆ 5 ಸಾವಿರ ಡಾಲರ್‌ಗಿಂತ ತುಸು ಹೆಚ್ಚಿರುವುದರಿಂದ ಆ ತರಗತಿಯ ಲೆಕ್ಕದಲ್ಲಿ ಸುಮಾರು 18 ಸಾವಿರ ಡಾಲರ್ ಬರುತ್ತದೆ. ಅದೇ ತರಗತಿಯಲ್ಲಿ 14 ಮಂದಿ ಮಾತ್ರ ಇದ್ದರೆ ಬರುವುದು ಸುಮಾರು 7 ಸಾವಿರ. ಎಣಿಕೆ ನಡೆಯುವುದು ಸೆಮಿಸ್ಟರಿನ ಶೇ 20ರಷ್ಟು ಭಾಗ ಮುಗಿದ ದಿನ. ಅಂದು ಹಾಜರಿ ಪಟ್ಟಿಯಲ್ಲಿದ್ದವರು ಲೆಕ್ಕಕ್ಕೆ ಸೇರುತ್ತಾರೆ.

ಈ ಗುಣಾಕಾರ ಕಂಡ ಯಾವ ಆಡಳಿತಗಾರರಿಗೂ ಮೊದಲು ಹೊಳೆಯುವುದು ಸಣ್ಣ ತರಗತಿಗಳನ್ನು ಕೈಬಿಡುವ ಉಪಾಯ. ಲೆಕ್ಕ ಅಷ್ಟು ಸರಳವಲ್ಲ ಎಂಬುದನ್ನು ಸಮಿತಿಗೆ ಮನದಟ್ಟು ಮಾಡುವುದೇ ನನ್ನ ಮೊದಲ ಕೆಲಸವಾಯಿತು. ಸಾಮಾನ್ಯ ತರಗತಿಗಳ ದಾಖಲಾತಿಯನ್ನು ಮೂರು ವರ್ಷದ ಸರಾಸರಿಯಲ್ಲಿ ತೆಗೆದುಕೊಳ್ಳುವುದರಿಂದ ಇಂದು ರದ್ದುಮಾಡಿದ ತರಗತಿಯ ನಷ್ಟ ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಮುಂದಿನ ವರ್ಷಗಳಲ್ಲಿ. ಉಳಿತಾಯ ಮಾತ್ರ ಈ ವರ್ಷವೇ ಕಾಣುತ್ತದೆ. ಅಲ್ಲದೆ, ವರ್ಗಾವಣೆಗೆ ಬೇಕಾದ ಸರಣಿಯ ಕೊನೆಯ ವಿಷಯವೊಂದನ್ನು, ಉದಾಹರಣೆಗೆ ಭೌತಶಾಸ್ತ್ರದ ಮೂರನೆಯ ಭಾಗವನ್ನು, ಕೈಬಿಟ್ಟರೆ ಆ 14 ಮಂದಿ ಪಕ್ಕದ ಕಾಲೇಜಿಗೆ ಹೋಗುತ್ತಾರೆ ಮತ್ತು ತಾವು ಓದುತ್ತಿರುವ ಉಳಿದ ವಿಷಯಗಳನ್ನೂ ಜೊತೆಗೆ ಕೊಂಡೊಯ್ಯುತ್ತಾರೆ. ಆದ್ದರಿಂದ ಕಡಿತದ ಪಟ್ಟಿಯನ್ನು ತರಗತಿಯ ಗಾತ್ರದ ಪ್ರಕಾರ ಜೋಡಿಸದೆ, ಅದೇ ವಿಷಯದ ಇನ್ನೊಂದು ತರಗತಿಯಲ್ಲಿ ಅದೇ ಹೊತ್ತಿಗೆ ಜಾಗ ಇದೆಯೇ ಎಂಬುದರ ಪ್ರಕಾರ ಜೋಡಿಸಿದೆ. ಮಂಗಳವಾರ ಬೆಳಿಗ್ಗೆ ಒಂದೇ ಸಮಯಕ್ಕೆ ಅರ್ಧರ್ಧ ಖಾಲಿಯಿರುವ ಒಂದೇ ವಿಷಯದ ಎರಡು ತರಗತಿಗಳಿದ್ದರೆ ಅವನ್ನು ಕೂಡಿಸುವುದರಿಂದ ಯಾರಿಗೂ ತೊಂದರೆಯಿಲ್ಲ. ಅಂಥವು ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಸಿಕ್ಕವು. ವಿಭಾಗಗಳು ತಂತಮ್ಮ ವೇಳಾಪಟ್ಟಿಯನ್ನು ಹಿಂದಿನ ವರ್ಷದ್ದನ್ನು ನಕಲು ಮಾಡಿ ತಯಾರಿಸುತ್ತಿದ್ದುದೇ ಅದಕ್ಕೆ ಕಾರಣ.

ಖರ್ಚಿನ ಕಡೆಯಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ. ಬಜೆಟ್ಟಿನ ಬಹುಪಾಲು ಸಂಬಳ ಮತ್ತು ಸೌಲಭ್ಯಗಳಿಗೆ ಹೋಗುತ್ತದೆ. ಅಧ್ಯಾಪಕರ ಪಿಂಚಣಿ ನಿಧಿಗೆ ಕಾಲೇಜು ಕಟ್ಟಬೇಕಾದ ವಂತಿಗೆ 2013-14ರಲ್ಲಿ ಸಂಬಳದ ಶೇ 8.25 ಇದ್ದದ್ದು ಈಗ ಶೇ 19.1 ಆಗಿದೆ, ಇತರ ಸಿಬ್ಬಂದಿಯ ಪಿಂಚಣಿಗೆ ಅದು ಶೇ 27ರ ಆಸುಪಾಸಿನಲ್ಲಿದೆ. ಇದಲ್ಲದೆ, ಶಿಕ್ಷಣದ ಚಾಲ್ತಿ ವೆಚ್ಚದಲ್ಲಿ ಕನಿಷ್ಠ ಅರ್ಧದಷ್ಟು ತರಗತಿಯಲ್ಲಿ ಪಾಠ ಮಾಡುವವರ ಸಂಬಳಕ್ಕೇ ಹೋಗಬೇಕೆಂಬ ನಿಯಮವಿದೆ. ಆಪ್ತ ಸಮಾಲೋಚಕರು, ಗ್ರಂಥಪಾಲಕರು, ಸ್ವಚ್ಛತಾ ಸಿಬ್ಬಂದಿ, ವಿದ್ಯುತ್ ಬಿಲ್ಲು ಎಲ್ಲವೂ ಉಳಿದ ಅರ್ಧದಲ್ಲಿ ಅಡಗಬೇಕು. ಕ್ಯಾಂಪಸ್ ಅಭಿವೃದ್ಧಿಯ ಚರ್ಚೆಯಲ್ಲಿ ಈ ನಿಯಮ ಮತ್ತೆ ಎದುರಾಗುತ್ತದೆ.

ಕಟ್ಟಡದ ಹಣದ ಮೂಲವೇ ಬೇರೆ. 2000ದ ನವೆಂಬರಿನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 39ರ ಪ್ರಕಾರ, ಮತ ಹಾಕಿದ ಸ್ಥಳೀಯರಲ್ಲಿ ಶೇ 55ರಷ್ಟು ಮಂದಿ ಒಪ್ಪಿದರೆ ಕಾಲೇಜು ಜಿಲ್ಲೆ, ಅಂದರೆ ಒಂದು ಅಥವಾ ಹೆಚ್ಚು ಕಾಲೇಜುಗಳನ್ನು ನಡೆಸುವ ಸ್ಥಳೀಯ ಸಂಸ್ಥೆ, ಬಾಂಡ್ ಮೂಲಕ ಸಾಲ ಎತ್ತಬಹುದು. ಆ ಸಾಲವನ್ನು ಆಸ್ತಿಯ ಮೇಲಿನ ಹೆಚ್ಚುವರಿ ತೆರಿಗೆಯಿಂದ ತೀರಿಸಲಾಗುತ್ತದೆ. ಒಂದು ಬಾಂಡ್ ಪ್ರಸ್ತಾವದಿಂದ ಕಮ್ಯುನಿಟಿ ಕಾಲೇಜು ಜಿಲ್ಲೆ ಹೇರಬಹುದೆಂದು ಅಂದಾಜಿಸುವ ತೆರಿಗೆ, 1 ಲಕ್ಷ ಡಾಲರ್ ತೆರಿಗೆ ಮೌಲ್ಯಕ್ಕೆ ವರ್ಷಕ್ಕೆ 25 ಡಾಲರ್ ಮೀರಬಾರದು. ಕೆಲಸಗಳ ಪಟ್ಟಿ ಮೊದಲೇ ಮತದಾರರ ಮುಂದಿರಬೇಕು, ಪ್ರತಿವರ್ಷ ಲೆಕ್ಕಪರಿಶೋಧನೆ ನಡೆಯಬೇಕು, ಕಾಲೇಜಿನ ನೌಕರರಾಗಲಿ ಗುತ್ತಿಗೆದಾರರಾಗಲಿ ಇಲ್ಲದ ನಾಗರಿಕರ ಸಮಿತಿಯೊಂದು ಖರ್ಚಿನ ಮೇಲೆ ಕಣ್ಣಿಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಹಣದಲ್ಲಿ ಅಧ್ಯಾಪಕರ ಸಂಬಳವನ್ನಾಗಲಿ ದೈನಂದಿನ ಖರ್ಚನ್ನಾಗಲಿ ಭರಿಸುವಂತಿಲ್ಲ. ಮನೆ ಕಟ್ಟಲು ಬ್ಯಾಂಕು ಕೊಟ್ಟ ಸಾಲದಲ್ಲಿ ದಿನಸಿ ತರಲು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಇದೂ ಎಂದು ನಾನು ಕೂಟದಲ್ಲಿ ಹೇಳುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು, ಆದರೆ ಪೂರ್ತಿ ಒಪ್ಪುತ್ತಿರಲಿಲ್ಲ. ಅವರ ಅಸಮಾಧಾನದಲ್ಲಿ ಹುರುಳಿತ್ತು. ಹಣದ ಮೂಲ ಬೇರೆಯಾದರೂ ಒಂದರ ಪರಿಣಾಮ ಇನ್ನೊಂದರ ಮೇಲೆ ಆಗಿಯೇ ತೀರುತ್ತದೆ. ಹೊಸ ಕಟ್ಟಡವನ್ನು ಬಾಂಡ್ ಕಟ್ಟಿಕೊಡುತ್ತದೆ, ನಿಜ. ಅದನ್ನು ಗುಡಿಸುವವರು, ಅದರ ದೀಪ, ಲಿಫ್ಟಿನ ವಾರ್ಷಿಕ ತಪಾಸಣೆ, ಫಿಲ್ಟರು ಎಲ್ಲವೂ ತರಗತಿ ನಡೆಸುವ ಹಣಕ್ಕೇ ಬಂದು ಬೀಳುತ್ತವೆ. ಅದೂ ಆ ಅರ್ಧದ ನಿಯಮದ ತಪ್ಪು ಬದಿಗೆ.

ನಮ್ಮ ಕಾಲೇಜಿನ ಅಭಿವೃದ್ಧಿ ಯೋಜನೆಯ ಕರಡಿನಲ್ಲಿ ದೊಡ್ಡದೊಂದು ಹೊಸ ಕಟ್ಟಡದ ಚಿತ್ರವಿತ್ತು. ಗಾಜಿನ ಮುಂಭಾಗ, ಮುಂದೆ ಹುಲ್ಲುಹಾಸು. ಅದನ್ನು ಚರ್ಚೆಗೆ ತೆಗೆದುಕೊಳ್ಳುವ ಮೊದಲು ಇರುವ ಕಟ್ಟಡಗಳನ್ನು ನೋಡಿ ಬರೋಣ ಎಂದು ನಾನು ಕೇಳಿಕೊಂಡೆ. ನಿರ್ವಹಣಾ ವಿಭಾಗದ ಮುಖ್ಯಸ್ಥರು ನಮ್ಮನ್ನು 1960ರ ದಶಕದ ತರಗತಿ ಕಟ್ಟಡವೊಂದರ ಚಾವಣಿಗೆ ಏಣಿಯಲ್ಲಿ ಹತ್ತಿಸಿದರು. ನೀಲಗಿರಿ ಎಲೆ ತುಂಬಿ ಮಳೆನೀರಿನ ಕೊಳವೆಗಳು ಕಟ್ಟಿಕೊಂಡಿದ್ದವು. ನೀರು ನಿಂತ ಕಡೆಯಲ್ಲೆಲ್ಲ ತೇಪೆಯ ಮೇಲೆ ತೇಪೆಯಾಗಿ ಟಾರು ಬಳಿದಿತ್ತು. ಸಾಲಾಗಿ ನಿಂತಿದ್ದ ಹವಾನಿಯಂತ್ರಣ ಯಂತ್ರಗಳಲ್ಲಿ ಒಂದರ ತಗಡಿನ ಮುಚ್ಚಳವೇ ಇರಲಿಲ್ಲ. ಆ ಮಾದರಿಯ ಬಿಡಿಭಾಗಗಳು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲವಾದ್ದರಿಂದ ಅದನ್ನು ನಿಲ್ಲಿಸಿ, ಅದರ ಮೋಟಾರು, ಬೆಲ್ಟು, ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ ಉಳಿದ ಯಂತ್ರಗಳನ್ನು ನಡೆಸುತ್ತಿದ್ದೇವೆ ಎಂದು ಅವರು ವಿವರಿಸಿದರು. ಕೆಳಗೆ ಬಂದು ನೋಡಿದರೆ, ನಿಂತ ಯಂತ್ರದ ನೇರ ಕೆಳಗಿನ ಕೋಣೆಯಲ್ಲಿ ಸೀಲಿಂಗ್ ಹಲಗೆಗಳ ಮೇಲೆ ಕಂದು ಕಲೆ, ಬಾಗಿಲಿಗೆ ಅಡ್ಡಕೊಟ್ಟ ಮರದ ತುಂಡು, ಗೋಡೆಗೆ ಒರಗಿಸಿದ ಎರಡು ಫ್ಯಾನು. ವೇಳಾಪಟ್ಟಿಯಲ್ಲಿ ನೋಡಿದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಬಳಕೆಯಾಗುತ್ತಿದ್ದ ಕೋಣೆಗಳಲ್ಲಿ ಅದೂ ಒಂದು.

ಆ ಭೇಟಿಯ ನಂತರ ಪ್ರತಿ ಪ್ರಸ್ತಾವಕ್ಕೂ ಮೂರು ಮಾಹಿತಿಗಳನ್ನು ಕಡ್ಡಾಯ ಮಾಡಬೇಕೆಂದು ಸಮಿತಿಯಲ್ಲಿ ಸೂಚಿಸಿದೆ: ಆ ಜಾಗದಲ್ಲಿ ವಾರಕ್ಕೆ ಎಷ್ಟು ಬೋಧನಾ ಗಂಟೆ ನಡೆಯುತ್ತದೆ, ಅದು ಕೆಟ್ಟು ನಿಂತರೆ ತರಗತಿಗಳನ್ನು ಸಾಗಿಸಲು ಬೇರೆ ಜಾಗವಿದೆಯೇ, ಕೆಲಸ ಮುಗಿದ ಮೇಲೆ ವರ್ಷದ ನಿರ್ವಹಣಾ ವೆಚ್ಚ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ. ಮೂರನೆಯದಕ್ಕೆ ವಿರೋಧ ಬಂತು. ವಾಸ್ತುಶಿಲ್ಪಿಗಳು ಅದು ತಮ್ಮ ಕೆಲಸವಲ್ಲ ಎಂದರು. ಕ್ರೀಡಾ ವಿಭಾಗದವರಿಗೆ ಇದು ತಮ್ಮ ಮೈದಾನವನ್ನು ತಪ್ಪಿಸಲು ಹೂಡಿದ ಉಪಾಯವೆಂಬ ಅನುಮಾನ. ಕೊನೆಗೆ ನಮ್ಮದೇ ಹಣಕಾಸು ಕಚೇರಿ, ಇರುವ ಕಟ್ಟಡಗಳ ವಿದ್ಯುತ್ ಬಿಲ್ಲು ಮತ್ತು ಸ್ವಚ್ಛತಾ ಸಿಬ್ಬಂದಿಯ ಗಂಟೆಗಳಿಂದ ಚದರಡಿಗೆ ಇಷ್ಟು ಎಂಬ ಒರಟು ಅಂದಾಜೊಂದನ್ನು ಸಿದ್ಧಪಡಿಸಿಕೊಟ್ಟಿತು. ಒರಟಾದರೂ ಚರ್ಚೆಯ ದಿಕ್ಕು ಬದಲಿಸಲು ಅದು ಸಾಕಾಯಿತು, ಏಕೆಂದರೆ ಹೊಸ ಕಟ್ಟಡದ ವಾರ್ಷಿಕ ಖರ್ಚನ್ನು ಎಷ್ಟು ತರಗತಿಗಳ ಬೋಧನಾ ವೆಚ್ಚಕ್ಕೆ ಸಮ ಎಂದು ಪಕ್ಕದಲ್ಲೇ ಬರೆದು ತೋರಿಸಲು ಸಾಧ್ಯವಾಯಿತು.

ರಾಜ್ಯದ ನಿಯಮಗಳೂ ಅದೇ ಕಡೆಗೆ ತಳ್ಳುತ್ತಿದ್ದವು. ಕ್ಯಾಂಪಸ್ಸಿನಲ್ಲಿರುವ ಜಾಗವನ್ನು ದಾಖಲಾತಿಗೆ ಬೇಕಾದ ಜಾಗದೊಂದಿಗೆ ಹೋಲಿಸಿ, ಇರುವುದು ಹೆಚ್ಚಾದರೆ ಹೊಸ ಕಟ್ಟಡಕ್ಕೆ ರಾಜ್ಯದ ನೆರವು ಸಿಗುವುದು ಕಷ್ಟ. ಕೋವಿಡ್ ನಂತರ ದಾಖಲಾತಿ ಇಳಿದು, ಬಹಳಷ್ಟು ತರಗತಿಗಳು ಆನ್‌ಲೈನಿಗೆ ಹೋಗಿದ್ದರಿಂದ ಕಾಗದದ ಮೇಲೆ ನಮ್ಮಲ್ಲಿ ಜಾಗ ಧಾರಾಳವಾಗಿತ್ತು. ಅದರಲ್ಲಿ ಒಂದಷ್ಟು, ತಾತ್ಕಾಲಿಕವೆಂದು ತಂದಿಟ್ಟು ದಶಕಗಳು ಕಳೆದರೂ ತೆಗೆಯದ ಪೋರ್ಟಬಲ್ ಕೋಣೆಗಳ, ಅಂದರೆ ಬೇರೆಡೆ ತಯಾರಿಸಿ ಸಾಗಿಸಿ ತಂದು ನಿಲ್ಲಿಸುವ ಕೋಣೆಗಳ, ಸಾಲು. ಅವನ್ನು ಕೆಡವಿದರೆ ನಿರ್ವಹಣೆಯೂ ತಗ್ಗುತ್ತದೆ, ಲೆಕ್ಕದ ಹೆಚ್ಚುವರಿ ಜಾಗವೂ ಕರಗುತ್ತದೆ. ಕೆಡವುವುದನ್ನು ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಆರಂಭದಲ್ಲಿ ಯಾರಿಗೂ ಉತ್ಸಾಹವಿರಲಿಲ್ಲ. ಉದ್ಘಾಟನೆಗೆ ರಿಬ್ಬನ್ ಕತ್ತರಿಸುವ ಅವಕಾಶ ಅದರಲ್ಲಿಲ್ಲವಲ್ಲ.

ಕೊನೆಗೆ ಒಪ್ಪಿಗೆಯಾದದ್ದು ಹೀಗೆ: ಹೊಸ ಕಟ್ಟಡವನ್ನು ಪ್ರಯೋಗಾಲಯಗಳಿಗೆ ಮಾತ್ರ ಸೀಮಿತಗೊಳಿಸಿ ಚಿಕ್ಕದು ಮಾಡುವುದು, ಹಳೆಯ ತರಗತಿ ಕಟ್ಟಡವನ್ನು ಪೂರ್ತಿ ನವೀಕರಿಸುವುದು, ಪೋರ್ಟಬಲ್‌ಗಳನ್ನು ತೆಗೆದುಹಾಕುವುದು. ನವೀಕರಣವೂ ಅಗ್ಗವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1933ರ ಲಾಂಗ್ ಬೀಚ್ ಭೂಕಂಪದ ನಂತರ ಬಂದ ಫೀಲ್ಡ್ ಕಾಯ್ದೆಯ ಪರಂಪರೆಯಲ್ಲಿ, ಇಂಥ ಕೆಲಸದ ನಕ್ಷೆಗಳು ರಾಜ್ಯ ವಾಸ್ತುಶಿಲ್ಪಿಯ ವಿಭಾಗದ ಪರಿಶೀಲನೆಗೆ ಹೋಗುತ್ತವೆ. ವೆಚ್ಚ ಒಂದು ಮಿತಿ ದಾಟಿದರೆ ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ದಾರಿ, ಶೌಚಾಲಯ, ಪಾರ್ಕಿಂಗ್ ಎಲ್ಲವನ್ನೂ ಇಂದಿನ ನಿಯಮಕ್ಕೆ ತರಬೇಕು. ಅದು ಆಗಬೇಕಾದ ಕೆಲಸವೇ. ಆದರೆ ಅದಕ್ಕೆ ಹಣವನ್ನು ಅಂದಾಜಿನಲ್ಲಿ ಮೊದಲೇ ತೆಗೆದಿಡದಿದ್ದರೆ ಕೊನೆಗೆ ಕತ್ತರಿ ಬೀಳುವುದು ಬೆಂಚು ಮತ್ತು ಪ್ರೊಜೆಕ್ಟರುಗಳ ಮೇಲೆ. ಕಂಪ್ಯೂಟರುಗಳ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಐದಾರು ವರ್ಷ ಬಾಳುವ ಯಂತ್ರವನ್ನು ಇಪ್ಪತ್ತೈದು ವರ್ಷ ತೀರಿಸುವ ಸಾಲದಲ್ಲಿ ಕೊಳ್ಳುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವಂಥದ್ದಲ್ಲ. ಅವುಗಳಿಗೆ ಬಾಂಡ್ ಸಾಲದಲ್ಲಿ ಕೆಲವೇ ವರ್ಷಗಳಲ್ಲಿ ತೀರುವ ಭಾಗವನ್ನೇ ಬಳಸಬೇಕು ಎಂದು ಶಿಫಾರಸಿನಲ್ಲಿ ಬರೆಸಿದೆ.

ಸಣ್ಣಪುಟ್ಟ ದುರಸ್ತಿಗೆ ರಾಜ್ಯದ ಹಣವನ್ನು ನೆಚ್ಚಿಕೊಳ್ಳುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. 2022-23ರ ರಾಜ್ಯ ಬಜೆಟ್ಟಿನಲ್ಲಿ ಮುಂದೂಡಿದ ದುರಸ್ತಿ ಮತ್ತು ಬೋಧನಾ ಸಲಕರಣೆಗಳಿಗೆಂದು ಕಮ್ಯುನಿಟಿ ಕಾಲೇಜುಗಳಿಗೆ ಸುಮಾರು 84 ಕೋಟಿ ಡಾಲರ್ ಘೋಷಣೆಯಾಯಿತು. ಮರುವರ್ಷ ರಾಜ್ಯದ ವರಮಾನ ಕುಸಿದಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಪಡೆಯಲಾಯಿತು. ಚಾವಣಿ ದುರಸ್ತಿಯ ಟೆಂಡರಿಗೆ ಸಿದ್ಧರಾಗಿದ್ದ ನಾವು ಕೆಲಸವನ್ನು ಹಂತಗಳಾಗಿ ಒಡೆದು, ನೀರು ಸೋರುವ ಭಾಗವನ್ನಷ್ಟೇ ಮೊದಲು ಮಾಡಿಸಬೇಕಾಯಿತು. 2024ರ ನವೆಂಬರಿನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 2ರ 1,000 ಕೋಟಿ ಡಾಲರಿನಲ್ಲಿ 150 ಕೋಟಿ ಕಮ್ಯುನಿಟಿ ಕಾಲೇಜುಗಳ ಪಾಲಿಗೆ ಬಂದಿದೆ. ಆದರೆ ಅದು ಕೂಡ ಕಟ್ಟಡದ ಹಣವೇ. ತರಗತಿಯ ಹಣಕ್ಕೆ ಬಂದರೆ, ಹೊಸ ಸೂತ್ರದಿಂದ ನಷ್ಟವಾಗುವ ಜಿಲ್ಲೆಗಳಿಗೆ 2024-25ರಲ್ಲಿ ಸಿಕ್ಕ ಮೊತ್ತವೇ ಮುಂದೆ ತಳಮಟ್ಟ, ಬೆಲೆ ಏರಿಕೆಯ ಹೊಂದಾಣಿಕೆ ಅದಕ್ಕೆ ಸೇರುವುದಿಲ್ಲ. ಅಂಥ ಜಿಲ್ಲೆಯಲ್ಲಿ ಹಣ ನಿಂತಲ್ಲೇ ನಿಂತಿರುತ್ತದೆ, ಸಂಬಳ ಮತ್ತು ವಿದ್ಯುತ್ ದರ ಏರುತ್ತಲೇ ಇರುತ್ತವೆ.

ಆದ್ದರಿಂದ ಸಮಿತಿಯಲ್ಲಿ ನನ್ನ ಅವಧಿ ಮುಗಿಯುವ ಮೊದಲು ಇನ್ನೊಂದು ಶಿಫಾರಸು ಮಂಡಿಸಿದೆವು: ಸಾಮಾನ್ಯ ನಿಧಿಯ ನಿಗದಿತ ಪಾಲೊಂದನ್ನು ಪ್ರತಿವರ್ಷ ಕಟ್ಟಡಗಳ ನಿರ್ವಹಣೆಗೆಂದು ಪ್ರತ್ಯೇಕವಾಗಿ ತೆಗೆದಿಡಬೇಕು, ಹೊಸ ಜಾಗ ಸೇರಿದ ವರ್ಷ ಆ ಪಾಲು ಚದರಡಿಗೆ ಅನುಗುಣವಾಗಿ ಹೆಚ್ಚಬೇಕು. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಅಧ್ಯಾಪಕರ ಬೇಡಿಕೆಗೆ ಮಾಡಿದ ದ್ರೋಹವೆಂದೇ ಭಾವಿಸಿದರು. ಆ ಹಣದಲ್ಲಿ ಪೂರ್ಣಾವಧಿ ಹುದ್ದೆಗಳನ್ನು ತುಂಬಬಹುದಿತ್ತು ಎಂಬ ಅವರ ವಾದ ಸುಳ್ಳೇನಲ್ಲ. ಯಂತ್ರ ಕೆಟ್ಟ ಕೋಣೆಯಿಂದ ತರಗತಿಗಳನ್ನು ಸೆಮಿಸ್ಟರಿನ ನಡುವೆ ಸ್ಥಳಾಂತರಿಸಿದಾಗ ಎಷ್ಟು ವಿದ್ಯಾರ್ಥಿಗಳು ಅರ್ಧಕ್ಕೆ ಬಿಟ್ಟುಹೋದರೆಂಬ ನಮ್ಮದೇ ಕಾಲೇಜಿನ ಪಟ್ಟಿಯನ್ನು ಅವರ ಮುಂದಿಟ್ಟೆ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಆಡಳಿತ ಮಂಡಳಿ ಶಿಫಾರಸನ್ನು ಅಂಗೀಕರಿಸಿತಾದರೂ, ಕೊರತೆಯ ವರ್ಷದಲ್ಲಿ ಅದನ್ನು ತಡೆಹಿಡಿಯುವ ಅಧಿಕಾರವನ್ನು ತನ್ನ ಬಳಿಯೇ ಉಳಿಸಿಕೊಂಡಿತು. ಹಾಗೆ ತಡೆಹಿಡಿಯುವಾಗ ಯಾವ ದುರಸ್ತಿಯನ್ನು ಮುಂದೂಡಲಾಗುತ್ತಿದೆ ಎಂಬುದನ್ನು ಕೋಣೆಯ ಸಂಖ್ಯೆ ಸಹಿತ ಬಹಿರಂಗ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು ಎಂಬ ಒಂದು ಸಾಲನ್ನು ಸೇರಿಸುವಂತೆ ಕೇಳಿಕೊಂಡೆವು. ಅದಕ್ಕೆ ಅವರು ಒಪ್ಪಿದರು.