ಮಲೆನಾಡಿನಲ್ಲಿ ಬಿಸಿಲು, ಸೊಪ್ಪು ಮತ್ತು ಕಾಡಿನ ನಡಿಗೆ

ಆಗುಂಬೆ, ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆಗಾಲವಿಡೀ ಮೋಡ ಕವಿದಿರುವುದರಿಂದ, ಬಿಸಿಲಿನ ನೆರವಿನಿಂದ ಚರ್ಮವು ತಯಾರಿಸುವ ವಿಟಮಿನ್ ಡಿ ಕಡಿಮೆಯಾಗುವ ಸಾಧ್ಯತೆ ಇದೆ. ಮಳೆ ಬಿಡುವು ಕೊಟ್ಟ ದಿನ ನಡುಹಗಲಿನಲ್ಲಿ ಸ್ವಲ್ಪ ಹೊತ್ತು ಕೈಕಾಲುಗಳಿಗೆ ನೇರ ಬಿಸಿಲು ತಾಗುವಂತೆ ಅಂಗಳದಲ್ಲಿ ನಿಲ್ಲಿ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ಏಕೆಂದರೆ ಇದಕ್ಕೆ ಬೇಕಾದ ನೇರಳಾತೀತ ಕಿರಣಗಳನ್ನು ಗಾಜು ತಡೆಯುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನುಂಗಬೇಡಿ. ಈ ವಿಟಮಿನ್ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಕ್ಯಾಲ್ಸಿಯಂಗೆ ರಾಗಿಯನ್ನು ನಂಬಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ.

ಕಬ್ಬಿಣಾಂಶದ ವಿಷಯದಲ್ಲಿ ಮಾತ್ರ ಹೆಚ್ಚು ಜಾಗ್ರತೆ ಬೇಕು. ಹರಿವೆ, ನುಗ್ಗೆ ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಆದ್ದರಿಂದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಇಲ್ಲವೇ ಹಸಿ ನೆಲ್ಲಿಕಾಯಿ ರುಬ್ಬಿ ಮಾಡಿದ ತಂಬುಳಿಯನ್ನು ಜೊತೆಗೆ ಬಡಿಸಿ. ಅವುಗಳ ವಿಟಮಿನ್ ಸಿ ಹೀರಿಕೆಯನ್ನು ಹೆಚ್ಚಿಸುತ್ತದೆ. ಉಂಡ ಕೂಡಲೇ ಕಾಫಿ ಕುಡಿಯುವ ನಮ್ಮ ರೂಢಿ ಇದೇ ಲಾಭವನ್ನು ಕಸಿಯುವುದರಿಂದ, ರಕ್ತಹೀನತೆ ಇರುವ ಹೆಣ್ಣುಮಕ್ಕಳು ದಯವಿಟ್ಟು ಅದನ್ನು ಒಂದು ಗಂಟೆ ಮುಂದೂಡಬೇಕು.

ಮನಸ್ಸಿನ ದಣಿವಿಗೆ ತುಂಗೆಯ ದಡದಲ್ಲೋ ಕಾಡಂಚಿನಲ್ಲೋ ನಿತ್ಯ ನಡೆಯುವುದು ಒಳ್ಳೆಯದು. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆಯಲ್ಲಿ ಇಂದಿಗೂ ಕಾಡುತ್ತದೆ. ಅದು ಉಣುಗಿನ ಕಡಿತದಿಂದ ಹರಡುತ್ತದೆ. ತುಂಬುತೋಳಿನ ಅಂಗಿ ಧರಿಸಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂಭಾಗವನ್ನು ಪರೀಕ್ಷಿಸಿ; ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.