ಕೌನ್ಸೆಲಿಂಗ್‌ಗೆ ಹೋಗುವ ಮೊದಲು ದುಡ್ಡಿನ ಮಾತು ಮುಗಿಸಿಕೊಳ್ಳಿ

ಜಯನಗರದ ಒಂದು ಚಿಕ್ಕ ಕೌನ್ಸೆಲಿಂಗ್ ಸೆಂಟರಿನಲ್ಲಿ ಫೋನ್ ಎತ್ತುವವಳೂ ನಾನೇ, ಬಿಲ್ ಬರೆಯುವವಳೂ ನಾನೇ. ನಿದ್ದೆ ಬರುತ್ತಿಲ್ಲ, ಮನೆಯಲ್ಲಿ ದಿನಾ ಜಗಳ ಅನ್ನುವುದನ್ನೆಲ್ಲ ಜನ ಸಲೀಸಾಗಿ ಹೇಳುತ್ತಾರೆ. ಫೀಸ್ ಎಷ್ಟು ಅಂತ ಕೇಳುವಾಗ ಮಾತ್ರ ದನಿ ತಗ್ಗುತ್ತದೆ. ಕೇಳದೆ ಬಂದು, ಎರಡು ಸಲಕ್ಕೇ ಸದ್ದಿಲ್ಲದೆ ನಿಲ್ಲಿಸಿಬಿಡುವವರು ಎಷ್ಟೋ ಜನ. ಅದಕ್ಕಿಂತ ಫೋನಿನಲ್ಲೇ ಕೇಳಿಬಿಡುವುದು ವಾಸಿ.

ನಮ್ಮಲ್ಲಿ 50 ನಿಮಿಷಕ್ಕೆ 1,500 ರೂಪಾಯಿ. ಬೆಂಗಳೂರಿನಲ್ಲಿ ಇದಕ್ಕಿಂತ ಕಮ್ಮಿಗೂ ಸಿಗುತ್ತಾರೆ, ದುಪ್ಪಟ್ಟು ತೆಗೆದುಕೊಳ್ಳುವವರೂ ಇದ್ದಾರೆ. ಆದರೆ ‘ಒಂದು ಸೆಷನ್‌ಗೆ ಎಷ್ಟು’ ಅಂತ ಕೇಳಿ ಫೋನ್ ಇಡಬೇಡಿ. ಸೆಷನ್ ಎಷ್ಟು ನಿಮಿಷ, ಗಂಡ ಹೆಂಡತಿ ಜೊತೆಗೆ ಬಂದರೆ ಬೇರೆ ರೇಟಾ, ಕಾಲೇಜಿಗೋ ಆಫೀಸಿಗೋ ಪತ್ರ ಬೇಕಾದರೆ ಅದಕ್ಕೂ ಫೀಸ್ ಇದೆಯಾ, ಎಲ್ಲ ಕೇಳಿ. ಬುದ್ಧಿಮತ್ತೆ ಅಳೆಯುವ ಐಕ್ಯೂ, ಗಮನ ನಿಲ್ಲದ ತೊಂದರೆ ನೋಡುವ ಎಡಿಎಚ್‌ಡಿ ಟೆಸ್ಟುಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಫೀಸ್ ಇರುತ್ತದೆ. ಟೆಸ್ಟಿಗೇ ಗಂಟೆಗಟ್ಟಲೆ ಹಿಡಿಯುತ್ತದೆ, ಆಮೇಲೆ ರಿಪೋರ್ಟ್ ಬೇರೆ ಬರೆಯಬೇಕು.

ಆಮೇಲೆ ತಿಂಗಳ ಲೆಕ್ಕ ಹಾಕಿ. ವಾರಕ್ಕೊಂದು ಅಂದರೆ ನಮ್ಮಲ್ಲಿ 6,000 ಆಯಿತು. ಅಷ್ಟು ಆಗದಿದ್ದರೆ ‘ನನ್ನಿಂದ ತಿಂಗಳಿಗೆ ಮೂರು ಸಾವಿರ ಆಗುತ್ತೆ ಮೇಡಂ, ಅದರಲ್ಲಿ ಏನು ಮಾಡಬಹುದು?’ ಅಂತ ನೇರವಾಗಿ ಹೇಳಿ. ಎರಡು ವಾರಕ್ಕೊಮ್ಮೆ ಬರಬಹುದು. ತುಂಬ ಕಡೆ ಕೆಲವು ರಿಯಾಯಿತಿ ಸ್ಲಾಟ್‌ಗಳೂ ಇರುತ್ತವೆ, ಕೇಳಿದವರಿಗೆ ಸಿಗುತ್ತವೆ. ನಾವಂತೂ ಸಂಬಳದ ಸ್ಲಿಪ್ ಕೇಳುವುದಿಲ್ಲ. ಹತ್ತು ಸೆಷನ್ನಿನ ಪ್ಯಾಕೇಜ್ ಅಗ್ಗ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಆ ಥೆರಪಿಸ್ಟ್ ನಿಮಗೆ ಹೊಂದುತ್ತಾರಾ ಅಂತ ಎರಡು ಸಲ ನೋಡಿ, ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ ಅಂತ ಬರಹದಲ್ಲಿ ತೆಗೆದುಕೊಂಡು, ಆಮೇಲೆ ಕಟ್ಟಿ.

ಜಾಸ್ತಿ ಜಗಳ ಆಗುವುದು ಕ್ಯಾನ್ಸಲ್ ವಿಷಯಕ್ಕೆ. ನಮ್ಮಲ್ಲಿ 24 ಗಂಟೆ ಮೊದಲು ತಿಳಿಸದಿದ್ದರೆ ಪೂರ್ತಿ ಫೀಸ್. ಆ ಹೊತ್ತನ್ನು ನಿಮಗಾಗಿ ಹಿಡಿದಿಟ್ಟು ಇನ್ನೊಬ್ಬರಿಗೆ ಇಲ್ಲ ಅಂದಿರುತ್ತೇವೆ, ಅಲ್ವಾ? ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಇಪ್ಪತ್ತು ನಿಮಿಷ ತಡವಾದರೆ ಉಳಿದ ಮೂವತ್ತೇ ನಿಮಿಷ ಸಿಗುತ್ತದೆ. ಜ್ವರ ಬಂದಿದ್ದರೆ ಬೆಳಿಗ್ಗೆಯೇ ಒಂದು ಮೆಸೇಜ್ ಹಾಕಿ, ವಿಡಿಯೋ ಕಾಲ್‌ಗೆ ಬದಲಾಯಿಸಿಕೊಡುತ್ತೇವೆ.

ಇನ್ನೊಂದು ಮಾತು. ಯುಪಿಐನಲ್ಲಿ ಕಟ್ಟಿದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸೆಂಟರಿನ ಹೆಸರು ಕಾಣಿಸಬಹುದು. ಜಾಯಿಂಟ್ ಅಕೌಂಟ್ ಇದ್ದು, ಮನೆಯವರಿಗೆ ಇನ್ನೂ ಹೇಳಿಲ್ಲ ಅಂದರೆ ನಗದು ಕೊಡಿ. ರಸೀದಿ ಮಾತ್ರ ಬಿಡಬೇಡಿ.

ಇನ್ನು ಇನ್ಶೂರೆನ್ಸ್. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಮೈಗೆ ಬಂದ ಕಾಯಿಲೆಗೆ ವಿಮೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು ಅಂತ ಅದರ 21ನೇ ಸೆಕ್ಷನ್ ಹೇಳುತ್ತದೆ. ಇದನ್ನು ಎಲ್ಲೋ ಓದಿ ‘ಕ್ಯಾಶ್‌ಲೆಸ್ ಇದೆಯಾ, ಅಂದರೆ ಬಿಲ್ ನೇರವಾಗಿ ವಿಮಾ ಕಂಪನಿಯೇ ಕಟ್ಟುತ್ತದಾ?’ ಅಂತ ಖುಷಿಯಿಂದ ಫೋನ್ ಮಾಡುತ್ತಾರೆ. ಇಲ್ಲ. ಸಾಮಾನ್ಯ ಪಾಲಿಸಿಗಳು ದುಡ್ಡು ಕೊಡುವುದು ಆಸ್ಪತ್ರೆಗೆ ಅಡ್ಮಿಟ್ ಆದರೆ. ಮೈಗಾದರೂ ಅಷ್ಟೇ, ಮನಸ್ಸಿಗಾದರೂ ಅಷ್ಟೇ. ವಾರಕ್ಕೊಮ್ಮೆ ಬಂದು ಮಾತಾಡಿ ಹೋಗುವುದು ಒಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವ ಚಿಕಿತ್ಸೆಯ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ನಿಮ್ಮ ಪಾಲಿಸಿಯಲ್ಲಿ ಒಪಿಡಿ ಕವರ್ ಇದೆಯಾ ನೋಡಿ. ಇದ್ದರೆ ಕಂಪನಿಗೆ ಇಮೇಲ್ ಹಾಕಿ: ಮಾತಿನ ಚಿಕಿತ್ಸೆ ಕೊಡುವ ಸೈಕಾಲಜಿಸ್ಟ್ ಬಿಲ್ ನಡೆಯುತ್ತದಾ ಅಥವಾ ಮಾತ್ರೆ ಬರೆಯುವ ಮನೋವೈದ್ಯರ, ಅಂದರೆ ಸೈಕಿಯಾಟ್ರಿಸ್ಟ್ ಬಿಲ್ ಮಾತ್ರವಾ, ಡಾಕ್ಟರ ಚೀಟಿ ಬೇಕಾ, ವರ್ಷಕ್ಕೆ ಎಷ್ಟರವರೆಗೆ, ಬಿಲ್ ಎಷ್ಟು ದಿನದೊಳಗೆ ಕಳಿಸಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ಆಧಾರ ಇರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ ನೋಂದಣಿ ನಂಬರ್ ಇರುತ್ತದೆ. ಆ ನಂಬರ್ ಇಲ್ಲದ ಬಿಲ್ ಎಷ್ಟೋ ಸಲ ವಾಪಸ್ ಬರುತ್ತದೆ. ಪಾಲಿಸಿಯಲ್ಲಿರುವ ಹೆಸರೇ ಬಿಲ್‌ನಲ್ಲಿರಲಿ, ಪ್ರತಿ ಸೆಷನ್ನಿನ ತಾರೀಖು ಬೇರೆ ಬೇರೆಯಾಗಿ ಬರೆದಿರಲಿ, ಸಹಿ ಸೀಲು ಇರಲಿ. ಕೆಲವರು ‘ಫಿಸಿಯೋಥೆರಪಿ ಅಂತ ಬರೆದುಕೊಡಿ ಮೇಡಂ’ ಅನ್ನುತ್ತಾರೆ. ನಾನು ಬರೆಯುವುದಿಲ್ಲ. ಸಿಕ್ಕಿಬಿದ್ದರೆ ನಿಮ್ಮ ಪಾಲಿಸಿಗೇ ಕುತ್ತು.

ಹೊಸ ಪಾಲಿಸಿ ತೆಗೆದುಕೊಳ್ಳುವಾಗ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಈಗಿನ ನಿಯಮದಲ್ಲಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಮುಚ್ಚಿಟ್ಟಿದ್ದು ಗೊತ್ತಾದರೆ ಕ್ಲೇಮನ್ನೇ ತಳ್ಳಿಹಾಕುತ್ತಾರೆ.

ಸರಿಯಾದ ಕ್ಲೇಮನ್ನೂ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಫೀಸೂ ಇಲ್ಲ, ವಕೀಲರೂ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರದ 155255ಕ್ಕೂ ಫೋನ್ ಮಾಡಬಹುದು.

ಐಟಿ ಕಂಪನಿಯಲ್ಲಿದ್ದರೆ ಇಎಪಿ, ಅಂದರೆ ಉದ್ಯೋಗಿಗಳಿಗೆ ಕಂಪನಿಯೇ ಕೌನ್ಸೆಲಿಂಗ್ ಕೊಡಿಸುವ ಯೋಜನೆ ಇದೆಯಾ ಅಂತ ಎಚ್‌ಆರ್ ಪೋರ್ಟಲ್‌ನಲ್ಲಿ ಹುಡುಕಿ. ಕೆಲವು ಸೆಷನ್ ಪುಕ್ಕಟೆ ಸಿಗುತ್ತವೆ. ನಿಮ್ಮ ಹೆಸರು ಕಂಪನಿಗೆ ಹೋಗುತ್ತದಾ ಅಂತ ಮೊದಲ ಕಾಲ್‌ನಲ್ಲೇ ಕೇಳಿಕೊಳ್ಳಿ.

ಖಾಸಗಿ ಫೀಸ್ ಯಾವ ರೀತಿಯಲ್ಲೂ ಆಗದು ಅಂದರೂ ದಾರಿ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ನಿಮ್ಹಾನ್ಸ್‌ಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ, ಹಳೆಯ ಚೀಟಿಗಳು, ಮಾತ್ರೆಯ ಪಟ್ಟಿ, ಗುರುತಿನ ಚೀಟಿ ಜೊತೆಗಿರಲಿ.