ಮಾತು ಕಡಿಮೆ ಇರುವವರ ಬ್ಯಾಂಕ್ ಕೆಲಸ

ಉಡುಪಿಯ ಒಂದು ಬ್ಯಾಂಕಿನಲ್ಲಿ ನಾನು ಸಾಲದ ಫೈಲು ನೋಡುವವಳು. ಟ್ರೈನಿಂಗಿನಲ್ಲಿ ಒಮ್ಮೆ ಎಲ್ಲರ ಕೈಯಲ್ಲೂ ಸ್ವಭಾವ ಅಳೆಯುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಬರೆಸಿದರು. ನನಗೆ ಬಂದದ್ದು ಐಎನ್‌ಟಿಜೆ. ಲೆಕ್ಕ ಹಾಕುವುದು ಜಾಸ್ತಿ, ಮಾತು ಕಡಿಮೆ ಎಂಬ ಪಂಗಡ. "ಹಾಗಾದ್ರೆ ನೀವು ಮ್ಯಾನೇಜರ್ ಆಗುದು ಕಷ್ಟ ಮಾರಾಯ್ರೆ" ಎಂದು ಪಕ್ಕದವರು ನಕ್ಕರು.

ಆ ಪರೀಕ್ಷೆಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಅನೇಕರಿಗೆ ಬೇರೆ ಫಲಿತಾಂಶ ಬರುತ್ತದೆ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ಸ್ವಭಾವಕ್ಕೂ ಕೆಲಸಕ್ಕೂ ಇರುವ ನಂಟಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಎಲ್ಲ ಬಗೆಯ ಕೆಲಸಕ್ಕೂ ಒದಗಿದ ಗುಣ ಅಚ್ಚುಕಟ್ಟುತನ. ಜನರೊಡನೆ ಸಲೀಸಾಗಿ ಬೆರೆಯುವ ಗುಣ ಸೇಲ್ಸ್‌ನವರಿಗೂ ಮ್ಯಾನೇಜರುಗಳಿಗೂ ಉಪಯೋಗಕ್ಕೆ ಬಂದಿತ್ತು. ಆದರೆ ಬ್ಯಾಂಕಿನಲ್ಲಿ ಈಗ ಎಲ್ಲರೂ ಸೇಲ್ಸ್‌ನವರೇ, ಅಲ್ವಾ?

ನನಗೆ ದಾರಿ ಸಿಕ್ಕಿದ್ದು ಮಲ್ಪೆಯ ಒಂದು ಐಸ್ ಪ್ಲಾಂಟಿನ ಫೈಲಿನಲ್ಲಿ. ವರ್ಷದ ಲೆಕ್ಕ ಚೆನ್ನಾಗಿಯೇ ಇತ್ತು. ಹನ್ನೆರಡು ತಿಂಗಳೂ ಒಂದೇ ಕಂತು ಎಂಬ ಮಾತು ನಡೆದಿತ್ತು. ನಾನು ಜಿಎಸ್‌ಟಿ ರಿಟರ್ನ್ ತಿಂಗಳು ತಿಂಗಳು ಬಿಡಿಸಿ ನೋಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ಕಡಲಿಗಿಳಿಯದಿದ್ದರೆ ಐಸ್ ಯಾರಿಗೆ? ಇದು ಇಲ್ಲಿ ಮಕ್ಕಳಿಗೂ ಗೊತ್ತು. ಕಂತಿನ ಪಟ್ಟಿ ಮಾಡುವಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಪ್ಲಾಂಟಿಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡೆ. ತುಳುವಿನಲ್ಲಿ ಒಂದೊಂದೇ ಕೇಳಿ ಸುಮ್ಮನಾದೆ. ಮಾತಾಡುವವರು ಇಂಥಲ್ಲಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ನಾನು ಸುಮ್ನೆ ಇದ್ದುದಕ್ಕೆ ಮಾಲೀಕರು ಬೋಟಿನವರಿಗೆ ಕೊಟ್ಟ ಸಾಲ, ಯಾರದು ಯಾವಾಗ ಬರುತ್ತದೆ, ಮಳೆಗಾಲದಲ್ಲೂ ಕಟ್ಟಬೇಕಾದ ಕರೆಂಟಿನ ಫಿಕ್ಸೆಡ್ ಚಾರ್ಜ್ ಎಲ್ಲ ಹೇಳಿದರು.

ಮೀಟಿಂಗಿನಲ್ಲಿ ಗಂಟಲು ಏರಿಸಿ ವಾದ ಮಾಡುವುದು ನನ್ನಿಂದಾಗದು. ಹಿಂದಿನ ಸಂಜೆಯೇ ಒಂದು ಪುಟದ ನೋಟ್ ಬರೆದು ಮ್ಯಾನೇಜರ್ ಮೇಜಿನ ಮೇಲಿಟ್ಟೆ: ಹತ್ತು ತಿಂಗಳು ಕಂತು, ಎರಡು ತಿಂಗಳು ಬರೀ ಬಡ್ಡಿ. ಕೆಳಗೆ ನನ್ನ ಹೆಸರು, ಸಹಿ. ಹೆಸರು ಹಾಕುವುದು ಮುಖ್ಯ. ಇಲ್ಲದಿದ್ದರೆ ಅದು ಸಂಜೆಯೊಳಗೆ ಇನ್ನೊಬ್ಬರ ಐಡಿಯಾ ಆಗುತ್ತದೆ. ಮರುದಿನ ಮೀಟಿಂಗಿನಲ್ಲಿ ಅದನ್ನು ಓದಿದ್ದು ಮ್ಯಾನೇಜರ್. ಆಮೇಲೆ ಎಲ್ಲ ಮೀಟಿಂಗಿಗೂ ಇದೇ ಕ್ರಮ.

ಪ್ರಮೋಷನ್ ಇಂಟರ್‌ವ್ಯೂಗೆ ಬೇರೆ ತಯಾರಿ ಬೇಕಾಯಿತು. ನಮ್ಮಂಥವರು ಕಾರಣದಿಂದ ಶುರುಮಾಡಿ ಉತ್ತರಕ್ಕೆ ಬರುವವರು. ಅಷ್ಟರಲ್ಲಿ ಕೇಳುವವರು ಗಡಿಯಾರ ನೋಡುತ್ತಾರೆ. "ಕೊಡಬಹುದು ಸಾರ್, ಎರಡು ಷರತ್ತಿದೆ" ಎಂದು ಮೊದಲೇ ಹೇಳಿ, ಆಮೇಲೆ ಬಿಡಿಸುವುದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಸ್ಕೇಲ್ ಟೂ, ಅಂದರೆ ಮ್ಯಾನೇಜರ್ ದರ್ಜೆ, ಆಯಿತು.

ಇನ್ಶೂರೆನ್ಸ್ ಮಾರುವುದು ಮಾತ್ರ ಈಗಲೂ ಬರುವುದಿಲ್ಲ. ಕೌಂಟರಿನಲ್ಲಿರುವ ಗೆಳತಿ ನನ್ನ ಗಿರಾಕಿಗಳ ಹತ್ತಿರ ಮಾತಾಡುತ್ತಾಳೆ, ನಾನು ಅವಳ ರಿನ್ಯೂವಲ್ ಫೈಲುಗಳನ್ನು ಮಾಡಿಕೊಡುತ್ತೇನೆ. ಟಾರ್ಗೆಟ್ ಪಟ್ಟಿಯಲ್ಲಿ ಆ ಅಂಕಿ ಅವಳ ಹೆಸರಿಗೇ ಹೋಗುತ್ತದೆ.